ದಾನದ ಸರ್ವರಿನ ಹಲ್ಲು

ಯಕ್ಷಗಾನ ಬಯಲಾಟವನ್ನು ತನ್ನ ಜಾಲತಾಣದಿಂದ ನೇರಪ್ರಸಾರ ಮಾಡಬೇಕೆಂಬ ಆಸೆ ಹುಟ್ಟಿದ ಸಂಘವು ಮೊದಲು ಒಂದು ಉಪಸಮಿತಿಯನ್ನು ರಚಿಸುತ್ತದೆ. ಆ ಉಪಸಮಿತಿಯು ಮುಕ್ತ ತಂತ್ರಾಂಶಗಳ, ಎಂದರೆ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಬಿಡಿಗಾಸಿಲ್ಲದೆ ಬಳಸಬಹುದಾದ ತಂತ್ರಾಂಶಗಳ, ಕೋಷ್ಟಕವೊಂದನ್ನು ಸಿದ್ಧಪಡಿಸುತ್ತದೆ. ದಾನ ಕೊಟ್ಟ ಆಕಳಿನ ಹಲ್ಲು ಎಣಿಸಬಾರದೆಂಬ ಲೋಕರೂಢಿ ಇಲ್ಲಿ ನಡೆಯದು, ಏಕೆಂದರೆ ಹಲ್ಲು ಎಣಿಸುವುದೇ ಸಮಿತಿಯ ಕಾರ್ಯಸೂಚಿ. ಎಣಿಸುವವರು ಮುಂದಿನ ಹಲ್ಲುಗಳಿಗೇ ತೃಪ್ತರಾಗಿ ದವಡೆಯತ್ತ ನೋಡದಿರುವುದು ಮಾತ್ರ ತೊಡಕು.

ಧ್ವನಿಪ್ರಸಾರಕ್ಕೆ ಹೆಸರಾದ ಐಸ್‌ಕಾಸ್ಟ್‌ನ ಗುಣಾವಗುಣಗಳು ಅದರ ಪ್ರಚಾರಪುಟಕ್ಕಿಂತ ಅದರೊಡನೆ ಬರುವ ಸಂರಚನಾ ಕಡತದಲ್ಲಿ, ಅಂದರೆ ಸರ್ವರ್ ಹೇಗೆ ನಡೆದುಕೊಳ್ಳಬೇಕೆಂಬ ಆಜ್ಞೆಗಳ ಪಟ್ಟಿಯಲ್ಲಿ, ಸ್ಪಷ್ಟವಾಗಿ ಕಾಣುತ್ತವೆ. ಯಾರೂ ಕೈಯಾಡಿಸದಿದ್ದರೆ ಅಲ್ಲಿ ಕೇಳುಗರ ಮಿತಿ 100, ಗುಪ್ತಪದವೋ ‘ಹ್ಯಾಕ್‌ಮಿ’. ಕನ್ನ ಹಾಕಲು ಬರುವವನಿಗೆ ಹೀಗೆ ಬಾಯಿಬಿಟ್ಟು ಆಹ್ವಾನ ಕೊಡುವ ಪ್ರಾಮಾಣಿಕತೆ ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶಗಳಲ್ಲಿ ಅಪರೂಪ. ಓದಿದವರು ನಾಚಿ ಬದಲಾಯಿಸಲಿ ಎಂಬುದು ಕರ್ತೃಗಳ ಸದಾಶಯವಿದ್ದೀತು. ಆದರೆ ಓದದವರಿಗೆ ನಾಚಿಕೆ ಎಲ್ಲಿಂದ ಬರಬೇಕು?

ಕೋಷ್ಟಕದಲ್ಲಿ ಪೂರ್ಣಾಂಕ ಪಡೆದದ್ದೆಲ್ಲ ಬಾಳಿಕೆ ಬರುತ್ತದೆಂಬ ಭರವಸೆಯೂ ಇಲ್ಲ. ಜಾವಾ ಭಾಷೆಯಲ್ಲಿ ಬರೆದ ರೆಡ್‌5 ಸರ್ವರ್, ಫ್ಲಾಶ್ ಪ್ಲೇಯರ್‌ನೊಡನೆ ಆರ್‌ಟಿಎಂಪಿ ಎಂಬ ಸಂವಹನ ನಿಯಮದಲ್ಲಿ ಮಾತಾಡುವುದನ್ನು ಕಷ್ಟಪಟ್ಟು ಕಲಿತಿತ್ತು. 2020ರ ಡಿಸೆಂಬರ್ 31ರಂದು ಅಡೋಬಿ ಸಂಸ್ಥೆಯು ಫ್ಲಾಶ್‌ಗೆ ವಿದಾಯ ಹೇಳಿತು. ಆರ್‌ಟಿಎಂಪಿ ಮಾತ್ರ ಸಾಯದೆ, ಕ್ಯಾಮೆರಾದ ಕಡೆಯಿಂದ ಸರ್ವರಿಗೆ ದೃಶ್ಯ ಸಾಗಿಸುವ ಹಿತ್ತಲ ಬಾಗಿಲಿನ ಕೆಲಸದಲ್ಲಿ ಇಂದಿಗೂ ಉಳಿದಿದೆ.

ನೋಡುಗರ ಕಡೆಗೆ ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಆಪಲ್ ಸಂಸ್ಥೆ 2009ರಲ್ಲಿ ತಂದ ಎಚ್‌ಎಲ್‌ಎಸ್ ಪದ್ಧತಿ. ಇದರಲ್ಲಿ ದೃಶ್ಯವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಅವುಗಳ ಪಟ್ಟಿಯನ್ನು ಪ್ಲೇಯರಿಗೆ ಒಪ್ಪಿಸಲಾಗುತ್ತದೆ. ಪ್ಲೇಯರ್ ತಡವರಿಸದಿರಲೆಂದು ಸಾಮಾನ್ಯವಾಗಿ ಮೂರು ತುಣುಕುಗಳಷ್ಟು ಹಿಂದಿನಿಂದ ಆರಂಭಿಸುತ್ತದೆ. ತುಣುಕಿಗೆ ಆರು ಸೆಕೆಂಡೆಂದರೂ ಹದಿನೆಂಟು ಸೆಕೆಂಡು ವಿಳಂಬವಾಯಿತು. ದುಬೈಯಲ್ಲಿ ಕುಳಿತು ‘ದೇವಿ ಮಹಾತ್ಮೆ’ ನೋಡುವವರು ಮೈದಾನದಲ್ಲಿರುವ ಭಾವನಿಗೆ ಫೋನ್ ಮಾಡಿದರೆ, ಕಿವಿಯಲ್ಲಿ ಮಹಿಷಾಸುರ ಸತ್ತಿರುತ್ತಾನೆ, ಕಣ್ಣೆದುರು ಇನ್ನೂ ಅಬ್ಬರಿಸುತ್ತಿರುತ್ತಾನೆ. ತುಣುಕನ್ನು ಇನ್ನೂ ಕಿರಿದಾಗಿಸಿದರೆ ವಿಳಂಬ ತಗ್ಗುತ್ತದೆ, ದುರ್ಬಲ ಸಂಪರ್ಕದವರಿಗೆ ಚಿತ್ರ ನಿಂತು ನಿಂತು ಬರುತ್ತದೆ.

ಇಷ್ಟೆಲ್ಲವನ್ನೂ ಸಮಿತಿಯು ಒಂದೇ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸುವುದುಂಟು. ಸರ್ವರೂ ಅದೇ, ಪ್ರೇಕ್ಷಕನೂ ಅದೇ ಆದ್ದರಿಂದ ಚಿತ್ರ ಅತ್ಯಂತ ಸ್ವಚ್ಛವಾಗಿ ಬರುತ್ತದೆ, ವೆಚ್ಚದ ಅಂಕಣದಲ್ಲಿ ಸೊನ್ನೆ ಬೀಳುತ್ತದೆ. ತಂತ್ರಾಂಶದ ಮಟ್ಟಿಗೆ ಆ ಸೊನ್ನೆ ಸರಿಯೇ. ಆದರೆ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಹರಿಯುವ ದೃಶ್ಯವು ಒಬ್ಬ ಪ್ರೇಕ್ಷಕನಿಗೆ ಗಂಟೆಗೆ 900 ಮೆಗಾಬೈಟ್ ತಿನ್ನುತ್ತದೆ. ನೂರು ಮಂದಿಗೆ 90 ಗಿಗಾಬೈಟ್. ರಾತ್ರಿ ಒಂಬತ್ತಕ್ಕೆ ಆರಂಭವಾಗಿ ಬೆಳಗಿನ ಆರಕ್ಕೆ ಮಂಗಳ ಹಾಡುವ ಆಟಕ್ಕೆ 810 ಗಿಗಾಬೈಟ್. ದತ್ತಾಂಶ ಸಾಗಣೆಗೆ ಬಾಡಿಗೆ ವಿಧಿಸುವವರು ಮುಕ್ತ ತಂತ್ರಾಂಶದ ಚಳವಳಿಗೆ ಸೇರಿದವರಲ್ಲ. ಬಿಟ್‌ರೇಟನ್ನು, ಅಂದರೆ ಸೆಕೆಂಡಿಗೆ ಹರಿಯುವ ದತ್ತಾಂಶದ ಪ್ರಮಾಣವನ್ನು, ಅರ್ಧಕ್ಕಿಳಿಸಿದರೆ ಈ ಲೆಕ್ಕವೂ ಅರ್ಧಕ್ಕಿಳಿಯುತ್ತದೆ. ಆದರೆ ಭಾಗವತರು ಕುಳಿತ ಹಿಮ್ಮೇಳದ ಭಾಗ ಸ್ಪಷ್ಟವಾಗಿಯೇ ಉಳಿದು, ದಿಗಿಣ ಹಾಕುವ ವೇಷಧಾರಿ ಮಾತ್ರ ಕೆಂಪು, ಹಳದಿ ಚೌಕಗಳ ರಾಶಿಯಾಗಿ ರಂಗಸ್ಥಳದಲ್ಲಿ ಸುತ್ತುತ್ತಾನೆ.