ಬೇಕಾಗಿದ್ದಾರೆ

ಶಿವಾಜಿನಗರ ಬಸ್ ನಿಲ್ದಾಣದ ಹತ್ತಿರ ನಾನು ಕಾಫಿ ಕುಡಿಯುವ ಹೋಟೆಲಿನಲ್ಲಿ ಎರಡು ಬೋರ್ಡುಗಳಿವೆ. ‘ಇಂದಿನ ವಿಶೇಷ’ದ್ದು ಸೀಮೆಸುಣ್ಣದ ಬರಹ, ದಿನಾ ಒರೆಸಿ ಬರೆಯುತ್ತಾರೆ. ‘ಸಪ್ಲೈಯರ್, ಕ್ಲೀನರ್ ಬೇಕಾಗಿದ್ದಾರೆ. ಊಟ, ವಸತಿ ಉಚಿತ’ ಎಂಬುದು ಮಾತ್ರ ಆಯಿಲ್ ಪೇಂಟಿನದು. ಮಾಲೀಕರು ದೂರದೃಷ್ಟಿಯವರು. ಶಾವಿಗೆ ಬಾತು ನಾಳೆ ಇಲ್ಲದಿರಬಹುದು, ಹುಡುಗರು ಬಿಟ್ಟುಹೋಗುವುದು ಶಾಶ್ವತ.

‘ಈಗಿನ ಹುಡುಗರಿಗೆ ಎಂತ ಬೇಕು ಅಂತಲೇ ಗೊತ್ತಾಗುದಿಲ್ಲ ಮಾರಾಯ್ರೆ’ ಎನ್ನುತ್ತಾರೆ ಅವರು, ಗಲ್ಲಾದ ಹಿಂದಿನಿಂದ. ಆಮೇಲೆ ಕಥೆ ಶುರು. ತಾವೂ ಲೋಟ ತೊಳೆದೇ ಮೇಲೆ ಬಂದದ್ದು. ಕಡಂದಲೆ ಕೃಷ್ಣರಾಯರು ಅಡುಗೆಮನೆಯ ಸಣ್ಣ ಕೆಲಸದಿಂದ ಶುರುಮಾಡಿ 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ತೆರೆಯಲಿಲ್ಲವೇ? ತೆರೆದರು, ನಿಜ. ಕರಾವಳಿಯ ಹೋಟೆಲಿಗರೆಲ್ಲರ ಬಾಯಲ್ಲೂ ಈ ಪುರಾಣವಿದೆ. ಲೋಟ ತೊಳೆದು ಲೋಟ ತೊಳೆಯುತ್ತಲೇ ಮುದುಕರಾದ ಸಾವಿರಾರು ಜನರ ಪುರಾಣವನ್ನು ಹೇಳಲು ಗಲ್ಲಾದಲ್ಲಿ ಯಾರೂ ಕೂತಿಲ್ಲ, ಅಷ್ಟೆ. ಹಾಗೆಂದು ಹಳೆಯ ಏಣಿ ಸುಳ್ಳಾಗಿರಲಿಲ್ಲ. ಧಣಿ ಹುಡುಗನ ಊರಿನವನೇ, ಸಂಬಳ ನೇರ ಅಮ್ಮನಿಗೆ ಹೋಗುತ್ತಿತ್ತು. ಮುಂಬಯಿಯಲ್ಲಾದರೆ ಹೋಟೆಲ್ ಮಾಣಿಗಳಿಗೆಂದೇ ಕನ್ನಡ ರಾತ್ರಿಶಾಲೆಗಳಿದ್ದವು. ಈಗ ಅದೇ ಏಣಿಯನ್ನು ಇಂದಿರಾನಗರದ ನೂರಡಿ ರಸ್ತೆಯ ಬಾಡಿಗೆಗೆ ಒರಗಿಸಿ ನೋಡಿ. ಮೊದಲ ಮೆಟ್ಟಿಲಲ್ಲೇ ಅಡ್ವಾನ್ಸ್ ಕೇಳುತ್ತಾರೆ.

ಇನ್ನೊಂದು ವಿಷಯ. ಆ ಕಾಲದ ‘ಹುಡುಗರು’ ನಿಜಕ್ಕೂ ಹುಡುಗರಾಗಿದ್ದರು, ಹತ್ತು ಹನ್ನೆರಡು ವರ್ಷದವರು. ಹದಿನಾಲ್ಕರ ಒಳಗಿನವರನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಬಾರದೆಂಬ ನಿಷೇಧ ಜಾರಿಯಾದದ್ದು 2006ರ ಅಕ್ಟೋಬರ್ 10ರಂದು. ‘ಆಗಿನ ಹುಡುಗರು ಎದುರಾಡುತ್ತಿರಲಿಲ್ಲ’ ಎಂಬ ಹೊಗಳಿಕೆಯ ಅರ್ಧ ಗುಟ್ಟು ಅಲ್ಲಿದೆ.

ಶಿವಾಜಿನಗರ, ಹಲಸೂರಿನ ಈ ದಂಡು ಪ್ರದೇಶಕ್ಕೆ ಬಡಿಸುವ ಕೆಲಸ ಹೊಸದೇನಲ್ಲ. 1809ರಲ್ಲಿ ಬ್ರಿಟಿಷ್ ಸೈನ್ಯ ಹಲಸೂರಿನ ಪಕ್ಕ ಬೀಡುಬಿಟ್ಟಾಗಿನಿಂದ ಇಲ್ಲಿ ಬಟ್ಲರುಗಳಿದ್ದಾರೆ. ಆಗ ಸಲಾಮು, ಈಗ ಎದೆಮಟ್ಟದಲ್ಲಿ ಕೈಜೋಡಿಸಿ ನಮಸ್ಕಾರ. ಅದನ್ನು ಕಲಿಯಲು ಹೋಟೆಲ್ ಮ್ಯಾನೇಜ್‌ಮೆಂಟ್ ಎಂಬ ಡಿಗ್ರಿ ಉಂಟು. ಓದಿನ ಮಧ್ಯೆ ದೊಡ್ಡ ಹೋಟೆಲಿನಲ್ಲಿ ಕೆಲವು ತಿಂಗಳ ಇಂಡಸ್ಟ್ರಿಯಲ್ ಟ್ರೈನಿಂಗ್, ಹುಡುಗರ ಬಾಯಲ್ಲಿ ಚಿಕ್ಕದಾಗಿ ‘ಐಟಿ’. ‘ಮಗ ಐಟಿಯಲ್ಲಿದ್ದಾನೆ’ ಎಂದು ಹಲಸೂರಿನ ತಾಯಿ ಪಕ್ಕದ ಮನೆಯಲ್ಲಿ ಹೇಳಿದರೆ ಸುಳ್ಳಲ್ಲ. ಮಗ ಮೂಟೆಗಟ್ಟಲೆ ಈರುಳ್ಳಿ ಹೆಚ್ಚಿ, ಸಾಲು ಸಾಲು ಗ್ಲಾಸು ಒರೆಸುತ್ತಿರುತ್ತಾನೆ. ಈ ಊರಲ್ಲಿ ಐಟಿಯವರೆಲ್ಲ ಅಳುವುದು ಒಂದೇ ರೀತಿ ಅಲ್ಲ.

ಸ್ಟಾರ್ ಹೋಟೆಲುಗಳಲ್ಲಿ ಬೋರ್ಡು ಹಾಕುವುದಿಲ್ಲ, ವಿಚಾರಗೋಷ್ಠಿ ಇಡುತ್ತಾರೆ. ‘ಯುವ ಉದ್ಯೋಗಿಗಳು ಏನು ಬಯಸುತ್ತಾರೆ?’ ಎಂದು ಕೋಟು ತೊಟ್ಟವರು ಎಸಿ ಹಾಲಿನಲ್ಲಿ ಎರಡು ತಾಸು ಚರ್ಚಿಸಿ, ಅವರಿಗೆ ಬದುಕಿನ ಅರ್ಥ ಬೇಕಾಗಿದೆ ಎಂಬ ತೀರ್ಮಾನಕ್ಕೆ ಬರುತ್ತಾರೆ. ಇಪ್ಪತ್ತೆರಡರ ಯುವ ಉದ್ಯೋಗಿ ಗೋಡೆಗೆ ಬೆನ್ನು ತಾಗಿಸದೆ ನೀರಿನ ಜಗ್ಗು ಹಿಡಿದು ಅಲ್ಲೇ ನಿಂತಿರುತ್ತಾನೆ. ಅವನನ್ನು ಕೇಳಬಹುದಿತ್ತು, ಆದರೆ ಅತಿಥಿಗಳ ನಡುವೆ ಬಾಯಿ ಹಾಕಬಾರದೆಂದು ಕಲಿಸಿದವರೂ ಇವರೇ. ಕೊನೆಗೊಬ್ಬರು ಮೈಕ್ ಹಿಡಿದು ‘ನಮ್ಮದು ಒಂದು ಕುಟುಂಬ’ ಎನ್ನುತ್ತಾರೆ. ಒಪ್ಪಿದೆ. ಮನೆಯಲ್ಲೂ ಬಡಿಸುವವಳು ಕೊನೆಗೆ ಉಣ್ಣುತ್ತಾಳೆ, ಅವಳಿಗೂ ವಾರದ ರಜೆ ಇಲ್ಲ, ಓವರ್‌ಟೈಮ್ ಕೇಳಿದರೆ ಅವಳ ಮೇಲೂ ಮುನಿಸು.

ಅಸಲಿಗೆ ಅವರು ಬಯಸುವುದು ಏನು? ನಾನು ವಿಚಾರಿಸಿದ ಮಟ್ಟಿಗೆ, ಮೊದಲನೆಯದು ಮನೆಗೆ ಹೋಗುವುದು.

ಬೆಂಗಳೂರಿನ ಹೋಟೆಲು, ಬಾರುಗಳು ರಾತ್ರಿ ಒಂದರವರೆಗೆ ತೆರೆದಿರಬಹುದೆಂದು ಸರ್ಕಾರ 2024ರಲ್ಲಿ ಆದೇಶಿಸಿತು. ನಗರಕ್ಕೆ ರಾತ್ರಿಜೀವನ ಸಿಕ್ಕಿತು ಎಂದು ಎಲ್ಲರೂ ಗ್ಲಾಸು ಎತ್ತಿದರು. ಆ ಗ್ಲಾಸು ತೊಳೆಯುವವನ ಹಾಸಿಗೆ ಇರುವುದು ಕೆ.ಆರ್. ಪುರದಲ್ಲಿ, ಒಂದೇ ಕೋಣೆಯಲ್ಲಿ ಆರು ಜನರ ನಡುವೆ. ನೇರಳೆ ಮೆಟ್ರೊ 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ದಾಟಿ ಕೆ.ಆರ್. ಪುರವನ್ನು ಮುಟ್ಟಿದಾಗ ಕಷ್ಟ ಕಳೆಯಿತು ಅಂದುಕೊಂಡಿದ್ದ. ಮೆಟ್ರೊ ಒಳ್ಳೆಯ ಮನೆತನದ್ದು, ಹನ್ನೆರಡರೊಳಗೆ ಮಲಗುತ್ತದೆ. ಕೊನೆಯ ಗಿರಾಕಿ ಏಳುವುದು ಒಂದಕ್ಕೆ, ಕುರ್ಚಿ ಮಗುಚಿ, ನೆಲ ಒರೆಸಿ, ಲೆಕ್ಕ ಒಪ್ಪಿಸುವಾಗ ಎರಡು. ಗಿರಾಕಿಗೆ ಕ್ಯಾಬ್ ಬರುತ್ತದೆ. ಇವನು ಹಳೆ ಮದ್ರಾಸ್ ರಸ್ತೆಯಲ್ಲಿ ಆಟೊದವನ ಜೊತೆ ಆ ರಾತ್ರಿಯ ಟಿಪ್ಸಿನ ಬಗ್ಗೆ ಚೌಕಾಸಿ ಮಾಡುತ್ತಾನೆ.

ಟಿಪ್ಸ್ ಇದ್ದರೆ. ಮುಂಚೆ ಸೋಂಪಿನ ತಟ್ಟೆಯಲ್ಲಿ ಬಿಲ್ಲು ಬರುತ್ತಿತ್ತು, ಚಿಲ್ಲರೆ ಅಲ್ಲೇ ಉಳಿಯುತ್ತಿತ್ತು. ಕ್ಯೂಆರ್ ಕೋಡ್ ಬಂದ ಮೇಲೆ 437 ರೂಪಾಯಿಗೆ ಸರಿಯಾಗಿ 437 ಹೋಗುತ್ತದೆ, ತಟ್ಟೆಯಲ್ಲಿ ಸೋಂಪು ಮಾತ್ರ. ಸರ್ವಿಸ್ ಚಾರ್ಜ್ ಕಡ್ಡಾಯ ಮಾಡುವಂತಿಲ್ಲ ಎಂದು ಗ್ರಾಹಕ ಪ್ರಾಧಿಕಾರ 2022ರಲ್ಲಿ ಹೇಳಿದಾಗ ಹೋಟೆಲಿಗರು ಕೋರ್ಟಿಗೆ ಹೋದರು, ಅದು ನಮ್ಮ ಹುಡುಗರ ಹಿತಕ್ಕೆ ಎಂದು ವಾದಿಸಿದರು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಹುಡುಗರ ಹಿತವನ್ನು ಸಂಬಳದಲ್ಲೇ ಕೊಡಬಹುದಿತ್ತು. ಆದರೆ ಅದಕ್ಕೆ ಕೋರ್ಟಿಗೆ ಹೋಗುವ ಅಗತ್ಯವೇ ಬೀಳುವುದಿಲ್ಲವಲ್ಲ.

ಎರಡನೆಯ ಬಯಕೆ ಇನ್ನೂ ದುಬಾರಿ: ಕೂರುವುದು. ಅಂಗಡಿ ಕೆಲಸಗಾರರು ಕೂರಲು ಆಸನ ಇರಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನನ್ನೇ ತಿದ್ದಿದವು. ಬೆಂಗಳೂರು 1983ರಲ್ಲಿ ಜಯನಗರದಲ್ಲಿ ಮೊದಲ ದರ್ಶಿನಿ ತೆರೆದು ದುಡ್ಡು ಕೊಡುವವನ ಕುರ್ಚಿಯನ್ನೇ ಕಿತ್ತ ಊರು. ದುಡ್ಡು ತೆಗೆದುಕೊಳ್ಳುವವನಿಗೆ ಎಲ್ಲಿಂದ ತಂದುಕೊಟ್ಟೀತು?

ಕಾಗದದ ಮೇಲೆ ನಾವೂ ಕಡಿಮೆಯಿಲ್ಲ. ನಮ್ಮ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48, ಒಂದು ದಿನ ರಜೆ. ಇದನ್ನು ದಿನಕ್ಕೆ 10 ಗಂಟೆ ಮಾಡುವ ಪ್ರಸ್ತಾಪ 2025ರ ಜೂನ್‌ನಲ್ಲಿ ಬಂದಾಗ ಐಟಿ ನೌಕರರ ಸಂಘ ಸಿಡಿದೆದ್ದಿತು. ಬ್ರೇಕ್ ಶಿಫ್ಟಿನ ಹೋಟೆಲ್ ಹುಡುಗರ ಸದ್ದೇ ಇರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಂದು, ಮಧ್ಯಾಹ್ನದ ಬಿಡುವನ್ನು ಹಲಸೂರು ಕೆರೆ ದಂಡೆಯಲ್ಲಿ ಕಳೆದು, ನಡುರಾತ್ರಿ ಬಿಡುವವರಿಗೆ ಅದು ಕೆಲಸ ಇಳಿಸುವ ಪ್ರಸ್ತಾಪವೆಂದೇ ಕೇಳಿಸಿರಬೇಕು. ಹಾಗೆಯೇ 2024ರ ಜುಲೈನಲ್ಲಿ ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಎಂದು ಸಂಪುಟ ಒಪ್ಪಿ, ಕೆಲವೇ ದಿನದಲ್ಲಿ ತಡೆಹಿಡಿದಾಗ ಎಷ್ಟೊಂದು ಗಲಾಟೆ! ತಟ್ಟೆ ತೊಳೆಯುವ ತೊಟ್ಟಿಯ ಮುಂದೆ ನಮಗೇ ಜಾಗ ಕೊಡಿ ಎಂದವರನ್ನು ಮಾತ್ರ ನಾನು ಕಾಣಲಿಲ್ಲ. ಅಲ್ಲಿ ಅಸ್ಸಾಮು, ಒಡಿಶಾದ ಹುಡುಗರು ‘ಸಾಂಬಾರ್ ಡಿಪ್ಪಾ, ಸೆಪರೇಟಾ’ ಎಂಬಷ್ಟು ಕನ್ನಡ ಕಲಿತು ನಾಡು ನುಡಿ ಎರಡನ್ನೂ ನಡೆಸುತ್ತಿದ್ದಾರೆ.

ಮೊನ್ನೆ ಶಿವಾಜಿನಗರದಲ್ಲಿ ಬೋರ್ಡು ನೋಡಿ ಒಬ್ಬ ಹುಡುಗ ಒಳಗೆ ಬಂದ. ಬ್ಯಾಗು ಬೆನ್ನಲ್ಲೇ ಇತ್ತು.

‘ವಾರಕ್ಕೊಂದು ರಜೆ ಇದ್ಯಾ ಅಣ್ಣ?’

‘ರಜೆ ಎಂತಕ್ಕೆ? ವಸತಿ ಇಲ್ಲೇ ಉಂಟಲ್ಲ.’

ಹುಡುಗ ವಸತಿಯ ಕಡೆ ನೋಡಿದ. ಅಡುಗೆಮನೆಯ ಅಟ್ಟ. ಒಬ್ಬ ಎದ್ದ ಚಾಪೆಯಲ್ಲಿ ಇನ್ನೊಬ್ಬ ಆಗಲೇ ಮಲಗಿದ್ದ.

‘ಸಂಬಳ ಎಷ್ಟನೇ ತಾರೀಖು?’

‘ಮೊದಲು ಕೆಲಸ ನೋಡುವ.’

‘ಸರಿ ಅಣ್ಣ’ ಎಂದು ಅವನು ಹೊರಟ. ಹೊರಗೆ ಆರ್ಡರಿಗೆ ಕಾಯುತ್ತಿದ್ದ ಡೆಲಿವರಿ ಹುಡುಗನ ಹತ್ತಿರ ನಿಂತು, ಬೈಕು ಸ್ವಂತದ್ದಾ, ದಿನಕ್ಕೆ ಎಷ್ಟು ಬೀಳುತ್ತೆ ಎಂದು ವಿಚಾರಿಸತೊಡಗಿದ.

ಮಾಲೀಕರು ನನ್ನ ಕಡೆ ತಿರುಗಿದರು. ‘ಕಂಡಿರಾ? ಇವರಿಗೆ ಎಂತ ಬೇಕು ಅಂತಲೇ ಗೊತ್ತಾಗುದಿಲ್ಲ.’ ಆಮೇಲೆ ಗೋಡೆ ನೋಡಿ, ‘ಬೇಕಾಗಿದ್ದಾರೆ’ಯ ‘ಬೇ’ ಸ್ವಲ್ಪ ಮಾಸಿದೆ, ಪೇಂಟರನ್ನು ಕರೆಸಬೇಕು ಎಂದರು.