ಟ್ಯಾಗ್ ಮಾಡ್ತೀವಿ, ಬಿಡಮ್ಮ!

ಮೇ ತಿಂಗಳು, ವಿರಾಜಪೇಟೆ. ಕೊಡವ ಮದುಮಗಳ ತಾಯಿ, ಎದುರಿಗೆ ಮೇಕಪ್ ಹುಡುಗಿ.

"ಇಷ್ಟೊಂದು ರೇಟಾ? ಇರೋದು ಒಂದೇ ಮುಖ ಅಲ್ವಾ!"

"ಆಂಟಿ, ಸೀರೆ ನೆರಿಗೆ ಹಿಂದಕ್ಕೆ ಕೂರಿಸ್ಬೇಕು, ತಲೆಗೆ ವಸ್ತ್ರ ಕಟ್ಬೇಕು, ಪತ್ತಾಕ್, ಜೋಮಾಲೆ ತೊಡಿಸ್ಬೇಕು. ಗಂಗಾಪೂಜೆಲಿ ಬಿಂದಿಗೆ ಹೊತ್ತು ಬರುವಾಗ ಗಂಡಿನ ಕಡೆಯವರು ಗಂಟೆಗಟ್ಟಲೆ ದಾರಿಗಡ್ಡ ಕುಣೀತಾರೆ. ಅಷ್ಟು ಹೊತ್ತೂ ಕಾಡಿಗೆ ಇಳೀಬಾರ್ದು."

"ದುಡ್ಡು ಕಾಫಿ ಕುಯ್ಲಿಗೆ ನೋಡೋಣ. ಇನ್‌ಸ್ಟಾಗ್ರಾಮಲ್ಲಿ ಟ್ಯಾಗ್ ಮಾಡ್ತೀವಿ. ನಿನಗೇ ಪ್ರಚಾರ!"

(ತೋಟ ಎಷ್ಟು ಎಕರೆ ಎಂಬುದು ಇಲ್ಲಿ ಅಪ್ರಸ್ತುತ.)

"ಟ್ಯಾಗ್ ಕೊಟ್ರೆ ಬಂಕಲ್ಲಿ ಪೆಟ್ರೋಲ್ ಹಾಕಲ್ಲ ಆಂಟಿ. ವಾಲಗದವರಿಗೂ ಟ್ಯಾಗೇನಾ?"

"ಛೆ, ಅವರಿಗೆ ಮುಂಗಡ ಆಯ್ತು."

"ಪಂದಿಕರಿಯವರಿಗೆ?"

"ಪೂರ್ತಿ ಕೊಟ್ಟಾಯ್ತು. ಊಟ ಕೆಟ್ರೆ ಮರ್ಯಾದೆ ಉಳಿಯುತ್ತಾ?"

"ಹಾಗಾದ್ರೆ ನನ್ನನ್ನೂ ಪಂದಿಕರಿ ಲೆಕ್ಕದಲ್ಲೇ ಬರ್ಕೊಳ್ಳಿ."