10 ನಿಮಿಷದ ಸಿನಿಮಾ, ಊರು ತುಂಬ ನಿರ್ದೇಶಕರು

ಕಾಲೇಜು ಹುಡುಗರ ಕಿರುಚಿತ್ರದಲ್ಲಿ ಮೊದಲು ತಯಾರಾಗುವುದು ಕಥೆಯಲ್ಲ, ಪೋಸ್ಟರ್. ಆಮೇಲೆ ವಾಟ್ಸಾಪ್ ಗ್ರೂಪು. ಅದರಲ್ಲಿರುವವರೆಲ್ಲ ನಿರ್ದೇಶಕರೇ, ಟ್ರೈಪಾಡ್ ಹೊರುವವನೊಬ್ಬನೇ ಸಿಗುವುದಿಲ್ಲ. ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ಸಿನಿಮಾದವರ ಹಳೇ ಲೆಕ್ಕ. ನಮ್ಮವರು 10 ನಿಮಿಷದ ಚಿತ್ರಕ್ಕೆ 40 ಪುಟ ಗೀಚಿ, 'ಎಡಿಟಿಂಗಲ್ಲಿ ನೋಡ್ಕೊಳ್ಳೋಣ ಬಿಡು ಮಗಾ' ಅನ್ನುತ್ತಾರೆ.

ಲೊಕೇಶನ್ ಅಂದರೆ ಯಾರದೋ ಅಜ್ಜಿ ಮನೆ. ಕಿಟಕಿಯ ಬೆಳಕು ನೋಡಿ ಎಲ್ಲರೂ ಮರುಳಾಗುತ್ತಾರೆ. ಪ್ಲಗ್ ಪಾಯಿಂಟ್ ಎಲ್ಲಿ, ಪಕ್ಕದ ಮನೆ ಮಿಕ್ಸಿ ಎಷ್ಟೊತ್ತಿಗೆ ಶುರು ಎಂದು ಯಾರೂ ವಿಚಾರಿಸುವುದಿಲ್ಲ. ನಾಯಕಿ ಕಣ್ಣೀರು ಹಾಕುವ ಹೊತ್ತಿಗೆ ಸರಿಯಾಗಿ ಅಲ್ಲಿ ಚಟ್ನಿ ರುಬ್ಬುತ್ತಾರೆ. ನಾಯಕ ಎರಡನೇ ದಿನ ಕಟಿಂಗ್ ಮಾಡಿಸಿಕೊಂಡು ಬಂದನೋ, ಕಂಟಿನ್ಯುಟಿ ಶಿವಾಯ ನಮಃ!

'ದುಡ್ಡಿಲ್ಲ ಸಾರ್' ಎಂಬ ನೆಪ ನಡೆಯದು. 1955ರ 'ಪಥೇರ್ ಪಾಂಚಾಲಿ'ಗೆ ಸತ್ಯಜಿತ್ ರಾಯ್ ಕೂಡ ದುಡ್ಡಿಗೆ ಒದ್ದಾಡಿದವರೇ. ಆದರೂ ದೃಶ್ಯಗಳನ್ನು ಮೊದಲೇ ಬಿಡಿಸಿಟ್ಟುಕೊಂಡಿದ್ದರು. ಪೆನ್ಸಿಲ್ಲಿಗೇನು ದಿನಬಾಡಿಗೆಯೇ? ಅಜ್ಜಿಯ ಒಪ್ಪಿಗೆ ಮೊದಲೇ ಕೇಳಿ, ತಿಂಡಿಗೆ ದುಡ್ಡು ಬೇರೆ ತೆಗೆದಿಡಿ. ಉಪ್ಪಿಟ್ಟು ತಡವಾದರೆ ಮೊದಲು ಮಾಯವಾಗುವವನು ಕ್ಯಾಮೆರಾದವನೇ.